ಡಬ್ಬದ ಬಸಳೆ, ಜಗಲಿಯ ಪುಸ್ತಕ



ಮುರಕಲ್ಲಿನ ಅಂಗಳದಲ್ಲಿ ಏನು ಬೆಳೆದೀತು ಎನ್ನುವವರು ಹಳೆಯ ಎಣ್ಣೆ ಡಬ್ಬವನ್ನೋ ಸಿಮೆಂಟಿನ ಖಾಲಿ ಚೀಲವನ್ನೋ ಎತ್ತಿಕೊಳ್ಳಿ. ತಳಕ್ಕೆ ನಾಲ್ಕೈದು ತೂತು, ಅದರ ಮೇಲೆ ಹೆಂಚಿನ ಚೂರು. ಆಮೇಲೆ ಸುಡುಮಣ್ಣು, ಒಣ ಸೆಗಣಿಪುಡಿ. ಬಸಳೆಗೆ ಬೀಜವೇ ಬೇಕೆಂದಿಲ್ಲ. ನೆರೆಮನೆಯಿಂದ ಗಂಟಿರುವ ಒಂದು ಗೇಣು ಬಳ್ಳಿ ತಂದು ಊರಿದರೆ ಸಾಕು. ಹರಿವೆ ಬಿತ್ತಿದರೆ ತಿಂಗಳಿಗೆಲ್ಲ ಪದಾರ್ಥಕ್ಕೆ ಬಂದೀತು. ಆಟಿಯ ಜಡಿಮಳೆಗೆ ಡಬ್ಬವನ್ನು ಮಾಡಿನಡಿಗೆ ಸರಿಸಬಹುದು. ನೆಲದ ಗಿಡಕ್ಕೆ ಆ ಸೌಕರ್ಯ ಉಂಟೇ?

ನೀರು ಹನಿಸಿ ಜಗಲಿಯಲ್ಲಿ ಕುಳಿತಾಗ ಕೈಗೊಂದು ಪುಸ್ತಕವಿರಲಿ. ಪರೀಕ್ಷೆಗಲ್ಲ, ಸುಮ್ಮನೆ ಖುಷಿಗೆ. ಕಾರಂತರ ‘ಬೆಟ್ಟದ ಜೀವ’ 1943ರದು. ಕಾಡಿನ ನಡುವೆ ತೋಟ ಮಾಡಿದ ಗೋಪಾಲಯ್ಯನ ಕಥೆ ನಮ್ಮ ಕೃಷಿಕರಿಗೆ ಬೇಗ ಹಿಡಿಸುತ್ತದೆ. ಮಕ್ಕಳು ಬಸ್ಸಿನ ಮಲಯಾಳದ ಬೋರ್ಡು ಓದುತ್ತಾರೆ, ಓದಲಿ, ಬೇಕಾದದ್ದೇ. ಆದರೆ ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಕನ್ನಡ ಅಕ್ಷರ ಕಂಡರೆ ತಡವರಿಸುವುದನ್ನು ಕಾಸರಗೋಡಿನ ಕಡೆ ಕಾಣುತ್ತೇವೆ. ಅಜ್ಜಿಯ ಕಣ್ಣು ಮಂಜಾಗಿದ್ದರೆ ಮೊಮ್ಮಗ ದಿನಕ್ಕೆರಡು ಪುಟ ಗಟ್ಟಿಯಾಗಿ ಓದಿಹೇಳಲಿ. ಕಥೆ ಇಬ್ಬರಿಗೂ ಸಿಗುತ್ತದೆ. ಊರಿನ ವಾಚನಾಲಯದ ಕನ್ನಡ ಕಪಾಟನ್ನೂ ಆಗಾಗ ತೆರೆಸಿ. ಕೇಳುವವರೇ ಇಲ್ಲವಾದರೆ ಹೊಸ ಪುಸ್ತಕ ಯಾರಿಗೆಂದು ತರಿಸಿಯಾರು?