ಬಸಿರಿನ ನಡುವಣ ತಿಂಗಳುಗಳು



ಗರ್ಭಿಣಿಗೆ ಮೂರು ತಿಂಗಳು ತುಂಬಿದ ಬಳಿಕ ವಾಕರಿಕೆ, ವಾಂತಿಗಳು ಬಹುಮಟ್ಟಿಗೆ ಇಳಿಯುತ್ತವೆ, ಊಟ ರುಚಿಸತೊಡಗುತ್ತದೆ. ಹೆರಿಗೆ ಇನ್ನೂ ದೂರವಿದೆಯೆಂದು ಮನೆಯವರೂ ನಿಶ್ಚಿಂತರಾಗುತ್ತಾರೆ. ಆದರೆ ಅಲಕ್ಷಿಸಬಾರದ ಕಾಲವಿದು. 20ನೆಯ ವಾರದಲ್ಲಿ ಸುಮಾರು 300 ಗ್ರಾಂ ತೂಗುವ ಶಿಶು 28ನೆಯ ವಾರದ ಹೊತ್ತಿಗೆ ಸುಮಾರು ಒಂದು ಕಿಲೋಗ್ರಾಂ ಆಗುತ್ತದೆ. ಅದರ ಮೈಮೇಲೆ ನವಿರಾದ ರೋಮ ಮೂಡುತ್ತದೆ. ಆರನೆಯ ತಿಂಗಳಲ್ಲಿ ಅದು ಹೊರಗಿನ ಸದ್ದಿಗೆ ಸ್ಪಂದಿಸತೊಡಗುತ್ತದೆ.

ತಾಯಿಯ ದೇಹವೂ ಬದಲಾಗುತ್ತದೆ. 20ನೆಯ ವಾರದ ಸುಮಾರಿಗೆ ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಏರುತ್ತದೆ. ಹೊಟ್ಟೆಯ ನಡುವೆ ಕಪ್ಪು ಗೆರೆ ಕಾಣಿಸಬಹುದು, ಸೊಂಟ ನೋಯಬಹುದು, ಇವು ಸಾಮಾನ್ಯ. ಚೊಚ್ಚಲ ಬಸುರಿಗೆ 18ರಿಂದ 20ನೆಯ ವಾರದಲ್ಲಿ ಮಗುವಿನ ಮಿಸುಕಾಟ ತಿಳಿಯುತ್ತದೆ. ಮೊದಲೇ ಹೆತ್ತವರಿಗೆ ಇನ್ನೂ ಬೇಗ. ರಕ್ತದ ಪ್ರಮಾಣ ಹೆಚ್ಚುವುದರಿಂದ ಕಬ್ಬಿಣಾಂಶದ ಅಗತ್ಯವೂ ಹೆಚ್ಚುತ್ತದೆ.

ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುವುದೆಂಬ ಭಯ ನಮ್ಮ ಹಲವು ಮನೆಗಳಲ್ಲಿದೆ. ಈ ಭಯದಿಂದ ತಾಯಿಯ ತಟ್ಟೆಯನ್ನು ಬರಿದು ಮಾಡುವುದು ಸಲ್ಲದು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧನಾ ಕೇಂದ್ರದ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಹೋದ್ಯೋಗಿಗಳು, ಇಂಗ್ಲೆಂಡಿನ ಸೌತಾಂಪ್ಟನ್‌ನ ವಿಜ್ಞಾನಿಗಳೊಡನೆ, 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಅಧ್ಯಯನವೊಂದನ್ನು ಆರಂಭಿಸಿದರು. ಸುಮಾರು 800 ಗರ್ಭಿಣಿಯರು 18 ಹಾಗೂ 28ನೆಯ ವಾರದ ಸುಮಾರಿಗೆ ಏನೇನು ತಿನ್ನುತ್ತಿದ್ದರೆಂದು ದಾಖಲಿಸಲಾಯಿತು. ಅಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋಗ್ರಾಂ ಮಾತ್ರ.

2001ರಲ್ಲಿ ಪ್ರಕಟವಾದ ಫಲಿತಾಂಶ ಗಮನಾರ್ಹವಾದುದು. ಆಹಾರದ ಒಟ್ಟು ಶಕ್ತಿಗೂ ಶಿಶುವಿನ ಗಾತ್ರಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಆದರೆ 18ನೆಯ ವಾರದಲ್ಲಿ ಹಾಲನ್ನು, 28ನೆಯ ವಾರದಲ್ಲಿ ಹಸಿರು ಸೊಪ್ಪು ಮತ್ತು ಹಣ್ಣುಗಳನ್ನು ಹೆಚ್ಚಾಗಿ ಸೇವಿಸಿದ ತಾಯಂದಿರ ಶಿಶುಗಳು ಉತ್ತಮ ಗಾತ್ರದವಾಗಿದ್ದವು. ದುಡಿಮೆಯ ಹೊರೆ ಹೆಚ್ಚಿದ್ದ ತಾಯಂದಿರ ಶಿಶುಗಳು ಚಿಕ್ಕವಾಗಿದ್ದವೆಂದೂ ಇದೇ ಅಧ್ಯಯನ 2003ರಲ್ಲಿ ತಿಳಿಸಿತು. ಆದುದರಿಂದ ಈ ವಿಷಯ ಗರ್ಭಿಣಿಯೊಬ್ಬಳಿಗೇ ಸೇರಿದ್ದಲ್ಲ. ನೀರಿನ ಕೊಡವನ್ನು ಪತಿ ಹೊರಬಹುದು; ಮಧ್ಯಾಹ್ನ ಸೊಸೆಯನ್ನು ಮಲಗಲು ಬಿಡುವುದು ಅತ್ತೆಯ ಕೈಯಲ್ಲಿದೆ.

ಹರಿವೆ, ಮೆಂತ್ಯ, ನುಗ್ಗೆ ಸೊಪ್ಪು ದುಬಾರಿಯಲ್ಲ. ಹಾಲು ಕೊಳ್ಳಬೇಕಾದ ವಸ್ತು, ನಿಜ. ಆದರೆ ಹೈನು ಇರುವ ಮನೆಗಳಲ್ಲಿಯೂ ಎಲ್ಲ ಹಾಲನ್ನೂ ಡೈರಿಗೆ ಹಾಕುವುದುಂಟು. ಒಂದು ಲೋಟವನ್ನಾದರೂ ಗರ್ಭಿಣಿಗೆ ಮೀಸಲಿಡಬೇಕು.

ಆಹಾರದೊಂದಿಗೆ, ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ದಿನಕ್ಕೊಂದರಂತೆ ಕನಿಷ್ಠ 180 ದಿನ ಸೇವಿಸತಕ್ಕದ್ದು. ಮಲ ಕಪ್ಪಾಯಿತೆಂದು ನಿಲ್ಲಿಸಬೇಕಾಗಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನಾಗಲಿ ಚಹಾವನ್ನಾಗಲಿ ಇದರ ಜೊತೆಗೆ ತೆಗೆದುಕೊಳ್ಳಬಾರದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅನ್ವಯ, ನಾಲ್ಕನೆಯ ತಿಂಗಳಿನಿಂದ ಮುಂದಿನ ಗರ್ಭಿಣಿಯರಿಗೆ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ತಪಾಸಣೆ ದೊರೆಯುತ್ತದೆ. ರಕ್ತಸ್ರಾವ, ತೀವ್ರ ತಲೆನೋವು, ಮುಖದ ಊತ ಕಂಡುಬಂದರೆ, ಇಲ್ಲವೇ ಮಗುವಿನ ಮಿಸುಕಾಟ ಕಡಿಮೆಯಾದರೆ, 9ನೆಯ ತಾರೀಖಿಗಾಗಿ ಕಾಯದೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು.