ಕೇಂಬಿಯಂ ಇಲ್ಲದ ಮರ: ತೆಂಗು, ಅಡಿಕೆಗಳ ಕಾಂಡರಚನೆ

ಸಸ್ಯಗಳ ಅಂಗರಚನೆಯನ್ನು ವಿವರಿಸುವ ಪಠ್ಯಗಳು ಸಾಮಾನ್ಯವಾಗಿ ಮಾವು, ತೇಗಗಳಂಥ ದ್ವಿದಳ ಮರಗಳನ್ನೇ ಮಾದರಿಯಾಗಿಟ್ಟುಕೊಂಡು, ತೆಂಗು ಅಡಿಕೆಗಳನ್ನು ಅಪವಾದವೆಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ತಿಪಟೂರಿನ ಸೀಮೆಯಲ್ಲಿ ತೆಂಗನ್ನೂ ಮಲೆನಾಡಿನಲ್ಲಿ ಅಡಿಕೆಯನ್ನೂ ನಂಬಿ ಬದುಕುವ ನಾಡಿಗೆ ಈ ಪಾಠಕ್ರಮ ಅಷ್ಟಾಗಿ ಒಗ್ಗುವುದಿಲ್ಲ. ಏಕೆಂದರೆ ತೋಟದಲ್ಲಿ ದಿನವೂ ಕಾಣುವ ಹಲವು ಸಂಗತಿಗಳಿಗೆ ಕಾರಣವಿರುವುದು ಆ ಅಪವಾದದಲ್ಲಿಯೇ.

ದ್ವಿದಳ ಮರದ ತೊಗಟೆಗೂ ಕಟ್ಟಿಗೆಗೂ ನಡುವೆ ಕೇಂಬಿಯಂ ಎಂಬ ತೆಳುವಾದ ಪದರವಿರುತ್ತದೆ. ವಿಭಜನೆಯ ಶಕ್ತಿಯನ್ನು ಉಳಿಸಿಕೊಂಡ ಅದರ ಕೋಶಗಳು ಒಳಮುಖವಾಗಿ ನೀರನ್ನು ಸಾಗಿಸುವ ಕ್ಸೈಲಂ ಅಂಗಾಂಶವನ್ನೂ ಹೊರಮುಖವಾಗಿ ಎಲೆಯಲ್ಲಿ ತಯಾರಾದ ಆಹಾರವನ್ನು ಸಾಗಿಸುವ ಫ್ಲೋಯಂ ಅಂಗಾಂಶವನ್ನೂ ಹೊಸದಾಗಿ ನಿರ್ಮಿಸುತ್ತಿರುವುದರಿಂದ ಆ ಮರ ದಪ್ಪವಾಗುತ್ತದೆ, ಗಾಯವನ್ನು ಮುಚ್ಚಿಕೊಳ್ಳುತ್ತದೆ, ಸವೆದ ನಾಳಗಳ ಬದಲಿಗೆ ಹೊಸವನ್ನು ಪಡೆಯುತ್ತದೆ. ಏಕದಳ ಸಸ್ಯಗಳಾದ ತೆಂಗು ಅಡಿಕೆಗಳಲ್ಲಿ ಈ ಪದರವೇ ಇಲ್ಲ. ಅವುಗಳ ಕಾಂಡ, ಎಲೆ, ಹೂಗೊಂಚಲುಗಳೆಲ್ಲ ಮರದ ನೆತ್ತಿಯಲ್ಲಿರುವ ಒಂದೇ ಒಂದು ವರ್ಧನ ಅಂಗಾಂಶದಿಂದ, ಎಂದರೆ ಕೃಷಿಕರು ಸುಳಿ ಎಂದು ಕರೆಯುವ ಭಾಗದ ಬುಡದಲ್ಲಿ ಅಡಗಿರುವ ಕೋಶಸಮೂಹದಿಂದ ಹುಟ್ಟುತ್ತವೆ.

ಸೀಳಿದ ಅಡಿಕೆ ದಬ್ಬೆಯನ್ನು ಹತ್ತಿರದಿಂದ ಗಮನಿಸಿದರೆ ಈ ರಚನೆ ಸ್ಪಷ್ಟವಾಗುತ್ತದೆ. ಅದರಲ್ಲಿ ವಾರ್ಷಿಕ ಉಂಗುರಗಳಿಲ್ಲ. ಹೊರ ಅಂಚಿನಲ್ಲಿ ಒತ್ತಾಗಿ, ಒಳಕ್ಕೆ ಹೋದಂತೆ ವಿರಳವಾಗಿ ಕಪ್ಪು ಎಳೆಗಳು ಹರಡಿರುತ್ತವೆ, ಎಳೆಗಳ ನಡುವೆ ಮೆತ್ತನೆಯ ತಿರುಳು ತುಂಬಿರುತ್ತದೆ. ಒಂದೊಂದು ಎಳೆಯೂ ಒಂದು ನಾಳಕೂರ್ಚ, ಅಂದರೆ ಕ್ಸೈಲಂ ಮತ್ತು ಫ್ಲೋಯಂಗಳು ಗಟ್ಟಿ ನಾರಿನ ಕವಚದೊಡನೆ ಕೂಡಿದ ಕಟ್ಟು. ತಿರುಳನ್ನು ಕೆತ್ತಿ ತೆಗೆದರೂ ದಬ್ಬೆ ಬಲವಾಗಿಯೇ ಉಳಿಯುವುದು ಅಂಚಿನಲ್ಲಿ ಈ ಕಟ್ಟುಗಳು ದಟ್ಟವಾಗಿರುವುದರಿಂದ. ತೆಂಗಿನಲ್ಲಿಯೂ ಹೊರಭಾಗದ ಮರದ ಸಾಂದ್ರತೆ ಘನಮೀಟರಿಗೆ 600 ಕಿಲೋಗ್ರಾಂ ದಾಟಿದರೆ ನಡುಭಾಗದ್ದು 400ಕ್ಕಿಂತ ಕೆಳಗಿರುವುದುಂಟು.

ಹೊಸ ಕೂರ್ಚಗಳು ಕಾಂಡದ ನಡುವೆ ಹುಟ್ಟಿ ಹಳೆಯವನ್ನು ಹೊರಕ್ಕೆ ತಳ್ಳುತ್ತವೆಂದು ಹಿಂದಿನ ವಿದ್ವಾಂಸರು ನಂಬಿದ್ದರು. ಎಲೆಯಿಂದ ಇಳಿದ ಕೂರ್ಚ ಮೊದಲು ಕಾಂಡದ ಒಳಕ್ಕೆ ಬಾಗಿ, ಕೆಳಗಿಳಿಯುತ್ತ ನಿಧಾನವಾಗಿ ಮತ್ತೆ ಅಂಚಿಗೆ ಸರಿಯುತ್ತದೆಂದು ಜರ್ಮನಿಯ ಹ್ಯೂಗೋ ಫಾನ್ ಮೋಲ್ 1831ರಲ್ಲಿ ತೋರಿಸಿದ ಮೇಲೆ ಆ ನಂಬಿಕೆ ಸಡಿಲಾಯಿತು. ಆದರೆ ಒತ್ತಾಗಿ ಹೆಣೆದ ಕೂರ್ಚಗಳಲ್ಲಿ ಒಂದನ್ನೇ ಹಿಡಿದು ಅದರ ಪೂರ್ತಿ ದಾರಿಯನ್ನು ಗುರುತಿಸುವುದಕ್ಕೆ ಮತ್ತೊಂದು ಶತಮಾನವೇ ಕಳೆಯಬೇಕಾಯಿತು. 1960ರ ದಶಕದಲ್ಲಿ ಮಾರ್ಟಿನ್ ಜಿಮ್ಮರ್‌ಮನ್ ಮತ್ತು ಟಾಮ್ಲಿನ್‌ಸನ್ ಅವರು ರೇಪಿಸ್ ಎಂಬ ಚಿಕ್ಕ ತಾಳೆಯ ಕಾಂಡವನ್ನು ಸಾಲಾಗಿ ತೆಳು ಬಿಲ್ಲೆಗಳಾಗಿ ಕೊಯ್ದು, ಒಂದೊಂದನ್ನೂ ಸಿನಿಮಾ ಫಿಲ್ಮಿನ ಒಂದೊಂದು ಚೌಕಟ್ಟಿಗೆ ಇಳಿಸಿ, ಓಡಿಸಿ ನೋಡಿದರು. ಎಲೆಗೆ ಕವಲೊಡೆಯುವ ಕೂರ್ಚ ಅಲ್ಲಿಗೇ ಮುಗಿಯದೆ, ಮೇಲಕ್ಕೂ ಮುಂದುವರಿದು ನೆರೆಯ ಕೂರ್ಚಗಳಿಗೆ ಸೇತುವೆಗಳಿಂದ ಕೂಡಿಕೊಳ್ಳುವುದು ಆಗ ಕಂಡಿತು. ಸೋಗೆಯೊಂದು ಕಳಚಿ ಬಿದ್ದರೂ ನೀರಿನ ಹರಿವು ಕಡಿಯದಿರುವುದು ಈ ಜೋಡಣೆಯಿಂದ. ಸಸ್ಯವಿಜ್ಞಾನದಲ್ಲಿ ಇಷ್ಟು ಸರಳ ಉಪಾಯದಿಂದ ಇಷ್ಟು ಹಳೆಯ ತೊಡಕು ಬಿಡಿಸಿಕೊಂಡ ಉದಾಹರಣೆಗಳು ಹೆಚ್ಚಿಲ್ಲ.

ಮುಂದೆ ದಪ್ಪವಾಗುವ ಅವಕಾಶವಿಲ್ಲದ ಕಾರಣ ಎಳೆಯ ತೆಂಗು ಮೊದಲ ಕೆಲವು ವರ್ಷಗಳನ್ನು ಎತ್ತರಕ್ಕೆ ಬೆಳೆಯುವುದರಲ್ಲಲ್ಲ, ನೆಲಮಟ್ಟದಲ್ಲಿ ಅಗಲವಾಗುವುದರಲ್ಲಿ ಕಳೆಯುತ್ತದೆ. ಸುಳಿಯ ಕೆಳಗೆ ಒಮ್ಮೆ ನಿಗದಿಯಾದ ಸುತ್ತಳತೆ ಹೆಚ್ಚುಕಡಿಮೆ ಕೊನೆಯವರೆಗೂ ಅಷ್ಟೇ. ಬರಗಾಲದಲ್ಲೋ ಪೋಷಣೆ ತಪ್ಪಿದಾಗಲೋ ಕಾಂಡ ಕಿರಿದಾದರೆ ಆ ಕುತ್ತಿಗೆ ಎಷ್ಟು ಗೊಬ್ಬರ ಹಾಕಿದರೂ ತುಂಬುವುದಿಲ್ಲ. ದ್ವಿದಳ ಮರದಲ್ಲಿ ಕೆಲವೇ ಋತುಗಳಲ್ಲಿ ಬದಲಾಗುವ ಫ್ಲೋಯಂ ಕೋಶಗಳು ಇಲ್ಲಿ ಮರ ಬದುಕಿರುವ ಅಷ್ಟೂ ದಶಕಗಳ ಕಾಲ ದುಡಿಯಬೇಕಾಗುತ್ತದೆ.

ಇದೇ ಕಾರಣಕ್ಕೆ ತೆಂಗಿನ ಮರ ಹತ್ತಲು ಕಡಿದ ಕಚ್ಚುಗಳು ಎಂದೆಂದಿಗೂ ಮುಚ್ಚುವುದಿಲ್ಲ. ಮಳೆಗಾಲ ಮುಗಿದು ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅಡಿಕೆ ಮರದ ನೈಋತ್ಯ ದಿಕ್ಕಿನ ಮೈ ಮಧ್ಯಾಹ್ನದ ಬಿಸಿಲಿಗೆ ಸುಟ್ಟು, ಹಳದಿಯಾಗಿ, ಬಳಿಕ ಸೀಳು ಬಿಡುತ್ತದೆ. ಆ ಸೀಳು ಕೂಡಿಕೊಳ್ಳದೆ ಮರ ಗಾಳಿಗೆ ಮುರಿಯುತ್ತದೆ. ಕಾಂಡಕ್ಕೆ ಸೋಗೆ ಕಟ್ಟುವ, ಸುಣ್ಣ ಬಳಿಯುವ ರೂಢಿ ವಾಸಿಯಾಗದ ಗಾಯವನ್ನು ಮೊದಲೇ ತಡೆಯುವ ಉಪಾಯ. ಸುಳಿಕೊಳೆ ರೋಗ ಕಾಂಡವನ್ನು ಮುಟ್ಟದಿದ್ದರೂ ಮರವನ್ನು ಕೊಲ್ಲುತ್ತದೆ, ಏಕೆಂದರೆ ಬದಲಿ ಮೊಗ್ಗು ಎಂಬುದೇ ಇಲ್ಲ.

ಬೇರುಗಳ ಕಥೆಯೂ ಹೀಗೆಯೇ. ತಾಯಿಬೇರಿಲ್ಲದೆ ಕಾಂಡದ ಬುಡದಿಂದ ಸಾವಿರಾರು ಸಂಖ್ಯೆಯಲ್ಲಿ ಹೊರಡುವ ತೆಂಗಿನ ಬೇರುಗಳಿಗೆ ಬೇರುರೋಮಗಳಿಲ್ಲ. ಎಳೆಯ ತುದಿಯೇ ನೀರನ್ನು ಹೀರುತ್ತದೆ. ಕೃಷಿಕರು ಬೇರಿನ ಮೂಲಕ ಔಷಧಿ ಉಣಿಸುವಾಗ ಈ ರಚನೆಯನ್ನೇ ಬಳಸಿಕೊಳ್ಳುತ್ತಾರೆ: ಪೆನ್ಸಿಲಿನಷ್ಟು ದಪ್ಪದ ಜೀವಂತ ಬೇರನ್ನು ಆರಿಸಿ, ಓರೆಯಾಗಿ ಕತ್ತರಿಸಿ, ದ್ರಾವಣ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅದ್ದಿ ಕಟ್ಟುತ್ತಾರೆ, ಗರಿಗಳಿಂದ ಆವಿಯಾಗುವ ನೀರಿನ ಸೆಳೆತಕ್ಕೆ ದ್ರಾವಣ ಕಡಿದ ಕ್ಸೈಲಂ ನಾಳಗಳೊಳಗೆ ಏರುತ್ತದೆ. ಒಂದು ದಿನ ಕಳೆದರೂ ಚೀಲದಲ್ಲಿ ದ್ರಾವಣ ಹಾಗೆಯೇ ಉಳಿದಿದ್ದರೆ ಆ ಬೇರಿನಲ್ಲಿ ಜೀವವಿಲ್ಲವೆಂದು ತಿಳಿದು ಇನ್ನೊಂದನ್ನು ಹುಡುಕಬೇಕಾಗುತ್ತದೆ.