ಕಾಲೇಜಿನ ಅರ್ಜಿ ಎಂಟನೇ ತರಗತಿಯಲ್ಲೇ ಶುರು

(ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳ ಹಾಲು ಉತ್ಪಾದಕರ ಸಭೆಯಲ್ಲಿ ಒಕ್ಕೂಟದ ವಿಸ್ತರಣಾ ಪಶುವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವು ಅಥವಾ ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆ ಮಾತನಾಡುತ್ತೇನೆಂದು ತಾವು ಬಂದಿರಬಹುದು. ಇಂದಿನ ವಿಷಯ ನಿಮ್ಮ ಮಕ್ಕಳ ಓದು. ಹಸು ನೋಡಲು ಹಳ್ಳಿಗೆ ಬಂದಾಗ, "ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದಳು, ಮುಂದೇನು ಓದಿಸೋಣ ಡಾಕ್ಟ್ರೇ?" ಎಂದು ಹಲವರು ಕೇಳುತ್ತೀರಿ. ಪ್ರಶ್ನೆ ಸರಿಯಾದದ್ದೇ, ಆದರೆ ತಡವಾಗಿ ಬರುತ್ತದೆ. ಮಿಶ್ರತಳಿ ಕರುವಿನ ಮೊದಲ ಮೂರು ತಿಂಗಳ ಆರೈಕೆ ಕೆಟ್ಟರೆ, ಅದು ಹಸುವಾದ ಮೇಲೆ ಎಷ್ಟು ಹಿಂಡಿ ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ. ಕಾಲೇಜಿನ ವಿಷಯವೂ ಹಾಗೆಯೇ. ಅದರ ತಯಾರಿ ಎಂಟನೇ ತರಗತಿಯಲ್ಲೇ ಶುರುವಾಗಬೇಕು.

ನಮ್ಮ ಭಾಗಕ್ಕೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ನೂರು ವರ್ಷಕ್ಕೂ ಮೀರಿ ಚಿನ್ನದ ಗಣಿ ಇಲ್ಲಿನ ಸಾವಿರಾರು ಮನೆಗಳ ಒಲೆ ಉರಿಸಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅಲ್ಲಿಂದೀಚೆಗೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರನ್ನು ನೀವೇ ದಿನವೂ ನೋಡುತ್ತಿದ್ದೀರಿ. ಅಪ್ಪನ ಕಸುಬು ಮಗನಿಗೆ ತಾನಾಗಿ ಸಿಗುವ ಕಾಲ ಗಣಿಯವರಿಗೂ ಹೋಯಿತು, ತುಂಡು ಜಮೀನಿನ ನಮಗೂ ಹೋಯಿತು. ಉಳಿದಿರುವ ದಾರಿ ಓದು.

ಕೈಯಲ್ಲಿರುವ ಹಕ್ಕನ್ನು ಕಳೆದುಕೊಳ್ಳಬೇಡಿ

ವೃತ್ತಿ ಶಿಕ್ಷಣದ ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15 ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಿದೆ. ಎರಡಕ್ಕೂ ಒಂದೇ ಬಗೆಯ ಷರತ್ತು: 1ರಿಂದ 10ನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಒಂದಕ್ಕೆ ಹಳ್ಳಿಯ ಶಾಲೆಯಲ್ಲಿ, ಇನ್ನೊಂದಕ್ಕೆ ಕನ್ನಡ ಮಾಧ್ಯಮದಲ್ಲಿ. ಒಂಬತ್ತು ವರ್ಷ ಓದಿದ್ದರೆ ಲೆಕ್ಕಕ್ಕಿಲ್ಲ.

ನಮ್ಮಲ್ಲಿ ಆಗುತ್ತಿರುವುದೇನು? ಕಾಮಸಮುದ್ರ, ಬೂದಿಕೋಟೆ, ಕ್ಯಾಸಂಬಳ್ಳಿ ಕಡೆಯ ಮಗು ಏಳನೆಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಓದುತ್ತದೆ. ಎಂಟನೆಗೆ ಬಂಗಾರಪೇಟೆಯ ಅಥವಾ ರಾಬರ್ಟ್‌ಸನ್‌ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸುತ್ತೇವೆ. ಬಂಗಾರಪೇಟೆ ಪುರಸಭೆ, ರಾಬರ್ಟ್‌ಸನ್‌ಪೇಟೆ ನಗರಸಭೆ. ಏಳು ವರ್ಷ ಕೂಡಿಟ್ಟ ಎರಡು ಹಕ್ಕೂ ಆ ಒಂದು ದಿನದಲ್ಲಿ ಹೋಗುತ್ತವೆ. ಸೇರಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಊರ ಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಲ್ಲದಿದ್ದರೆ ಬೇರೆ ಶಾಲೆ ನೋಡಲೇಬೇಕು. ಆದರೆ ಮೊದಲು ಪಕ್ಕದ ಹಳ್ಳಿಯ ಪ್ರೌಢಶಾಲೆಯನ್ನು ವಿಚಾರಿಸಿ. ಅಲ್ಲಿ ಸೇರಿಸಿದರೆ ಗ್ರಾಮೀಣ ಹಕ್ಕು ಉಳಿಯುತ್ತದೆ. ಪೇಟೆಗೇ ಕಳಿಸುವುದಾದರೆ ಏನನ್ನು ಬಿಡುತ್ತಿದ್ದೇವೆಂದು ತಿಳಿದು ಕಳಿಸಿ.

ಎಸ್‌ಎಸ್‌ಎಲ್‌ಸಿ ನಂತರ

ದಾರಿಗಳು ಮೂರು: ಪಿಯುಸಿ, ಪಾಲಿಟೆಕ್ನಿಕ್, ಐಟಿಐ. ಪಕ್ಕದ ಮನೆಯ ಹುಡುಗ ಸೇರಿದನೆಂದು ವಿಜ್ಞಾನಕ್ಕೆ ಸೇರಿಸಬೇಡಿ. ಗಣಿತ, ವಿಜ್ಞಾನದಲ್ಲಿ ಒಲವಿದ್ದರೆ ಮಾತ್ರ ಸೇರಿಸಿ. ಪಶುವೈದ್ಯಕೀಯ, ಕೃಷಿ, ವೈದ್ಯಕೀಯ ಬೇಕೆಂದರೆ ಜೀವಶಾಸ್ತ್ರ ಇರಲೇಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇದ್ದರೆ ಹೆಚ್ಚು ಬಾಗಿಲು ತೆರೆದಿರುತ್ತವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಮೂರು ತಿಂಗಳು ಇಂಗ್ಲಿಷ್ ಪಾಠ ಕಷ್ಟವಾಗುತ್ತದೆ. ದಡ್ಡರೆಂದು ಬೈಯಬೇಡಿ, ಕಾಲೇಜು ಬಿಡಿಸಬೇಡಿ. ಬೇಸಿಗೆ ರಜೆಯಲ್ಲೇ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಕಲಿಸಿದರೆ ಆ ಕಷ್ಟ ಅರ್ಧ ಇಳಿಯುತ್ತದೆ.

ಬೇಗ ಕೆಲಸಕ್ಕೆ ಸೇರಬೇಕೆನ್ನುವವರಿಗೆ ಮೂರು ವರ್ಷದ ಡಿಪ್ಲೊಮಾ ಒಳ್ಳೆಯದು. ಮುಂದೆ ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಕೆ.ಜಿ.ಎಫ್.ನ ಬಿಇಎಂಎಲ್, ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳು ಕೈಕೆಲಸ ಬಲ್ಲವರನ್ನು ಕೇಳುತ್ತವೆ. ಪರೀಕ್ಷೆಯಲ್ಲಿ ಫೇಲಾದವರಿಗೆ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಮಗುವನ್ನು ಮೂಲೆಗೆ ಕೂರಿಸಬೇಡಿ.

ಹಾಲಿನ ಮನೆಗೆ ಹತ್ತಿರದ ಓದು

ನಮ್ಮ ಕಸುಬಿಗೇ ಸೇರಿದ ಓದು ಇದೆ ಎಂಬುದು ಬಹಳ ಉತ್ಪಾದಕರಿಗೆ ಗೊತ್ತಿಲ್ಲ. ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ತರಬೇತಿ ಅವಧಿ ಸೇರಿ ಐದೂವರೆ ವರ್ಷ. ಹೆಬ್ಬಾಳದ ಡೈರಿ ವಿಜ್ಞಾನ ಕಾಲೇಜಿನಲ್ಲಿ ನಾಲ್ಕು ವರ್ಷದ ಡೈರಿ ತಂತ್ರಜ್ಞಾನ ಪದವಿ ಇದೆ. ಎಸ್‌ಎಸ್‌ಎಲ್‌ಸಿ ಆದವರಿಗೆ ಪಶುಸಂಗೋಪನಾ ಡಿಪ್ಲೊಮಾ ಇದೆ. ನಮ್ಮ ಕೋಲಾರದಲ್ಲೇ ತೋಟಗಾರಿಕೆ ಕಾಲೇಜಿದೆ.

ಕೃಷಿ ಸಂಬಂಧಿ ಪದವಿಗಳಲ್ಲಿ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಉಂಟು. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯ ಅಂಕವೂ ಸೇರುತ್ತದೆ. ಬೀಜ, ಮೇವು, ಗೊಬ್ಬರ, ಸಲಕರಣೆ ತೋರಿಸಿ ಗುರುತಿಸಲು ಕೇಳುತ್ತಾರೆ. ಪೇಟೆಯ ಮಕ್ಕಳು ಪುಸ್ತಕದಲ್ಲಿ ಓದಿ ಕಲಿಯುವುದನ್ನು ನಿಮ್ಮ ಮಗಳು ಕೊಟ್ಟಿಗೆಯಲ್ಲಿ ನಿಂತು ಕಲಿತಿರುತ್ತಾಳೆ. ಆದರೆ ಆ ಪರೀಕ್ಷೆಗೆ ಬೇರೆಯಾಗಿ ಹಾಜರಾಗಬೇಕು. ದಿನ ತಪ್ಪಿದರೆ ಕೋಟಾ ತಪ್ಪಿತು.

ಕಾಗದ ಪತ್ರ

ಮಗುವಿನ ಹೆಸರು ಮತ್ತು ಹುಟ್ಟಿದ ದಿನಾಂಕ ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಒಂದೇ ರೀತಿ ಇದೆಯೇ ಎಂದು ಒಂಬತ್ತನೇ ತರಗತಿಯಲ್ಲೇ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂದ ಮೇಲೆ ತಿದ್ದಿಸಲು ಬಹಳ ಓಡಾಡಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕೃಷಿಕ ಕುಟುಂಬದ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಆದಾಯ ಪತ್ರದ ಅವಧಿ ಐದು ವರ್ಷ, ಮುಗಿದಿದೆಯೇ ನೋಡಿಕೊಳ್ಳಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ವಿದ್ಯಾರ್ಥಿ ವೇತನದ ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೇ ಬರುತ್ತದೆ. ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಆರಂಭವಾಯಿತು. ಈ ವರ್ಷದ ನಿಯಮವೇನೆಂದು ಕಾಲೇಜು ಕಚೇರಿಯಲ್ಲಿ ವಿಚಾರಿಸಿ.

ಸೀಟು ಆಯ್ಕೆ

ಸಿಇಟಿ ನಂತರ ಕಾಲೇಜುಗಳ ಪಟ್ಟಿಯನ್ನು ನಾವೇ ಕ್ರಮವಾಗಿ ತುಂಬಬೇಕು. ಬಹಳ ಇಷ್ಟವಾದದ್ದನ್ನು ಮೊದಲು ಬರೆಯಿರಿ. ಸಿಗಲಾರದೆಂದು ಹೆದರಿ ಕೆಳಗೆ ಹಾಕಬೇಡಿ. ಮೇಲಿನದು ಸಿಕ್ಕರೆ ಕೆಳಗಿನವು ತಾವಾಗಿ ಬಿಟ್ಟುಹೋಗುತ್ತವೆ. ಹೋಗಲು ಮನಸ್ಸಿಲ್ಲದ ಕಾಲೇಜನ್ನು ಬರೆಯಲೇಬೇಡಿ, ಅದೇ ಸಿಗಬಹುದು. ಸೀಟು ಹಂಚಿದ ಮೇಲೆ ನಾಲ್ಕು ಛಾಯ್ಸ್ ಕೇಳುತ್ತಾರೆ. ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಬರುವುದು. ತಿಳಿಯದೆ ಮೂರು ಅಥವಾ ನಾಲ್ಕನ್ನು ಒತ್ತಿದರೆ ಕೈಗೆ ಬಂದ ಸೀಟು ಹೋಯಿತು.

ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸಿ, ತಪ್ಪಿಲ್ಲ. ಆದರೆ ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಪಾಸ್‌ವರ್ಡ್ ನಿಮ್ಮ ಪುಸ್ತಕದಲ್ಲೇ ಇರಲಿ. ಸೀಟು ಕೊಡಿಸುತ್ತೇನೆ ಎನ್ನುವ ಮಧ್ಯವರ್ತಿಯನ್ನು ಹೊಸ್ತಿಲು ದಾಟಿಸಬೇಡಿ.

ಹಣದ ಮಾತು

ಜೂನ್ ಬಂದಾಗ ಫೀಸಿಗೆಂದು ಗಬ್ಬದ ಹಸುವನ್ನು ಸಂತೆಗೆ ಹೊಡೆಯುವುದನ್ನು ನೋಡಿದ್ದೇನೆ. ಅವಸರದ ಮಾರಾಟಕ್ಕೆ ಬೆಲೆ ಸಿಗುವುದಿಲ್ಲ, ಮರುವರ್ಷದ ಫೀಸು ಕೊಡಬೇಕಾದ ಹಸುವೇ ಕೊಟ್ಟಿಗೆಯಲ್ಲಿ ಇರುವುದಿಲ್ಲ. ಅದರ ಬದಲು ಮಗು ಎಂಟನೆಗೆ ಬಂದ ವರ್ಷದಿಂದಲೇ ಪ್ರತಿ ಬಟವಾಡೆಯಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಜಮೀನು ಅಡವು ಬೇಕಿಲ್ಲ. ಖಾಸಗಿ ಸಾಲಕ್ಕೆ ಮೊದಲು ಬ್ಯಾಂಕಿಗೆ ಹೋಗಿ.

ಕೊನೆಯದಾಗಿ ಹೆಣ್ಣುಮಕ್ಕಳ ಮಾತು. ಬೆಳಗಿನ ಹಾಲು ಕರೆದು, ಸಗಣಿ ಬಾಚಿ, ಹುಲ್ಲು ಹಾಕಿ ಶಾಲೆಗೆ ಓಡುವವರು ಹೆಚ್ಚಾಗಿ ಅವರೇ. ಹತ್ತನೇ ತರಗತಿಯ ಕೊನೆಯ ಮೂರು ತಿಂಗಳಾದರೂ ಕೊಟ್ಟಿಗೆಯ ಕೆಲಸದಿಂದ ಅವರನ್ನು ಬಿಡಿ. ಕಾಲೇಜು ದೂರವೆಂದು ನಿಲ್ಲಿಸಬೇಡಿ. 2023ರಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಅವರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಮನೆಯ ಹಾಲಿನ ಲೆಕ್ಕ ಬರೆಯುವ ಹುಡುಗಿ ನಾಳೆ ಇದೇ ಒಕ್ಕೂಟಕ್ಕೆ ಪಶುವೈದ್ಯೆಯಾಗಿ ಬರಬಾರದೆಂದು ಎಲ್ಲೂ ಬರೆದಿಲ್ಲ.

ಇಂದು ಮನೆಗೆ ಹೋದ ಕೂಡಲೇ ಮಗುವಿನ ಆಧಾರ್ ಕಾರ್ಡನ್ನು ಶಾಲೆಯ ದಾಖಲೆಯೊಂದಿಗೆ ಹೋಲಿಸಿ ನೋಡಿ. ಅಷ್ಟು ಮಾಡಿದರೆ ಈ ಸಭೆ ಸಾರ್ಥಕ.